ನಡೆಯುತ್ತಿರುವ ವೆಬ್‌ಸೈಟನ್ನು ನೇರವಾಗಿ ತಿದ್ದಬೇಡಿ, ಬ್ರಾಂಚ್‌ನಲ್ಲಿ ತಿದ್ದಿ

ಮಾನ್ಯ ಸಂಪಾದಕರೇ,

ಕಾಲೇಜೊಂದರ ವೆಬ್‌ಸೈಟ್ ಅಡ್ಮಿಷನ್ ದಿನಗಳಲ್ಲೇ ತೆರೆಯಲಿಲ್ಲ ಎಂದು ನಿಮ್ಮ ವಾಚಕರ ಪತ್ರಗಳಲ್ಲಿ ಪೋಷಕರೊಬ್ಬರು ಇತ್ತೀಚೆಗೆ ಬರೆದಿದ್ದರು. ಫೀ ಕಟ್ಟಲು ಕೊನೆಯ ದಿನ ಯಾವುದು ಅಂತ ನೋಡಲು ಮಗಳು ಹಳ್ಳಿಯಲ್ಲಿ ಕೂತು ಮೊಬೈಲ್‌ನಲ್ಲಿ ಎಷ್ಟು ಸಲ ಒತ್ತಿದರೂ ಬರೀ ಬಿಳಿ ಪರದೆ. ಕೊನೆಗೆ ಬಸ್ ಹತ್ತಿ ದಾವಣಗೆರೆಗೇ ಬರಬೇಕಾಯಿತು. ಫೋನ್ ಮಾಡಿ ಕೇಳಿದರೆ "ಸೈಟ್ ಹ್ಯಾಕ್ ಆಗಿದೆ" ಅಂದರಂತೆ. ಅವರ ಸಿಟ್ಟು ನ್ಯಾಯವಾದದ್ದು. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾದರೂ ಬರೆಯುತ್ತಿದ್ದೇನೆ. ಸೈಟಿನ ತಿದ್ದುಪಡಿಯನ್ನು ಮೊದಲು ಬ್ರಾಂಚ್‌ನಲ್ಲಿ, ಅಂದರೆ ಜನ ನೋಡುವ ಸೈಟಿಗೆ ತಾಗದ ಬೇರೆ ಎಳೆಯಲ್ಲಿ, ಮಾಡಿ ನೋಡಬೇಕು ಎಂಬುದೇ ಇದರ ವಿಷಯ.

ನಾನು ವೆಬ್‌ಸೈಟ್ ಮಾಡಿಕೊಡುವ ಕೆಲಸದವನು. ಶಾಲೆ, ನರ್ಸಿಂಗ್ ಹೋಮ್, ದಲಾಲಿ ಅಂಗಡಿ, ಪತ್ತಿನ ಸಹಕಾರ ಸಂಘ, ಸೀರೆ ಅಂಗಡಿ, ಹೀಗೆ ನಮ್ಮೂರಿನ ಎಲ್ಲ ಬಗೆಯವರ ಸೈಟುಗಳನ್ನೂ ನೋಡಿದ್ದೇನೆ. ಆ ಕಾಲೇಜಿನ ಸೈಟ್ ನಾನು ಕಂಡಿಲ್ಲ, ಅದರ ಬಗ್ಗೆ ತೀರ್ಪು ಕೊಡುವುದಿಲ್ಲ. ಆದರೆ ಹ್ಯಾಕ್ ಆಗಿದೆ ಅಂತ ನನ್ನ ಹತ್ತಿರ ತರುವ ಸೈಟುಗಳಲ್ಲಿ ಜಾಸ್ತಿ ಪಾಲು ಹ್ಯಾಕ್ ಆಗಿರುವುದಿಲ್ಲ. ಯಾರೋ ನಡೆಯುತ್ತಿರುವ ಸೈಟಿನ ಫೈಲನ್ನೇ ತೆಗೆದು ತಿದ್ದಿರುತ್ತಾರೆ, ಅಷ್ಟೇ.

ಏನಾಗುತ್ತದೆ ಹೇಳುತ್ತೇನೆ. ಸಂಸ್ಥೆಯ ಆಫೀಸಿನಿಂದ ಫೋನ್ ಬರುತ್ತದೆ, "ಫೀ ಪುಟದಲ್ಲಿ ಒಂದು ಸಾಲು ಸೇರಿಸಿ ಸಾರ್, ಅರ್ಜೆಂಟ್." ಸೈಟ್ ನೋಡಿಕೊಳ್ಳುವ ಹುಡುಗ ಸರ್ವರ್ (ಸೈಟ್ ಇರುವ ಕಂಪ್ಯೂಟರ್) ನಿಭಾಯಿಸುವ ಸಿ-ಪ್ಯಾನಲ್ ತೆಗೆಯುತ್ತಾನೆ, ಇಲ್ಲವೇ ಫೈಲ್ ಸಾಗಿಸುವ ಫೈಲ್‌ಝಿಲ್ಲಾದಲ್ಲಿ ಫೈಲ್ ಇಳಿಸಿಕೊಂಡು, ತಿದ್ದಿ, ವಾಪಸ್ ಏರಿಸುತ್ತಾನೆ. ಇಂಥ ಸೈಟುಗಳನ್ನು ಬರೆಯುವ ಪಿಎಚ್‌ಪಿ ಭಾಷೆಯಲ್ಲಿ ಒಂದು ಸೆಮಿಕೋಲನ್ ಬಿಟ್ಟುಹೋದರೆ ಆ ಫೈಲ್ ಪೂರ್ತಿ ಓಡುವುದೇ ಇಲ್ಲ. ಅದು ಎಲ್ಲ ಪುಟಗಳಿಗೂ ಬೇಕಾದ ಹೆಡರ್ ಫೈಲ್ ಆಗಿದ್ದರೆ ಇಡೀ ಸೈಟ್ ಬಿಳಿ. ತಪ್ಪಿನ ವಿವರವನ್ನು ಹೊರಗಿನವರಿಗೆ ತೋರಿಸಬಾರದು ಅಂತ ಸರ್ವರ್‌ನಲ್ಲಿ ಸೆಟ್ಟಿಂಗ್ ಇರುತ್ತದೆ, ಇರಲೂ ಬೇಕು, ಹಾಗಾಗಿ ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ. ಸೈಟ್ ಕಟ್ಟುವ ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರಿನಲ್ಲಿ 2017ರ 4.9ನೇ ಆವೃತ್ತಿಯಿಂದ ಒಂದು ಕಾವಲು ಇದೆ. ಅದರೊಳಗಿನ ಎಡಿಟರ್‌ನಲ್ಲೇ ತಿದ್ದುವಾಗ ಸೈಟ್ ಬೀಳುವಂಥ ತಪ್ಪು ಮಾಡಿದರೆ ಅದು ತಿದ್ದಿದ್ದನ್ನು ಹಿಂದಕ್ಕೆ ತೆಗೆಯುತ್ತದೆ. ಎಫ್‌ಟಿಪಿಯಲ್ಲಿ, ಅಂದರೆ ಫೈಲ್‌ಝಿಲ್ಲಾದಂಥದ್ದರ ಮೂಲಕ, ಏರಿಸಿದ ಫೈಲಿಗೆ ಆ ಕಾವಲಿಲ್ಲ.

ಸರಿ, ಹಳೆಯ ಪ್ರತಿ ಇಟ್ಟುಕೊಂಡಿರುತ್ತೇವಲ್ಲ ಅನ್ನುತ್ತಾರೆ. ಇಟ್ಟುಕೊಂಡಿರುತ್ತಾರೆ, ನಿಜ. ಸರ್ವರ್ ಒಳಗೆ ಹೋಗಿ ನೋಡಿದರೆ ಇಂಡೆಕ್ಸ್-ಓಲ್ಡ್, ಇಂಡೆಕ್ಸ್-ನ್ಯೂ, ಇಂಡೆಕ್ಸ್-ಫೈನಲ್, ಇಂಡೆಕ್ಸ್-ಫೈನಲ್-2 ಅಂತ ಸಾಲಾಗಿ ಬಿದ್ದಿರುತ್ತವೆ. ಯಾವುದು ಯಾವಾಗಿನದು, ಯಾವುದರಲ್ಲಿ ಏನು ಬದಲಾಗಿದೆ, ಮಾಡಿದವನಿಗೂ ಆರು ತಿಂಗಳ ಮೇಲೆ ನೆನಪಿರುವುದಿಲ್ಲ. ಇದರಲ್ಲಿ ಇನ್ನೊಂದು ದೊಡ್ಡ ಅಪಾಯ ಇದೆ, ಬಹಳ ಜನ ಗಮನಿಸುವುದಿಲ್ಲ. ಡೇಟಾಬೇಸ್ (ಸೈಟಿನ ಮಾಹಿತಿಯ ಕಣಜ) ಪಾಸ್‌ವರ್ಡ್ ಇರುವ ಕಾನ್ಫಿಗ್, ಅಂದರೆ ಸೆಟ್ಟಿಂಗ್, ಫೈಲಿನ ಹೆಸರಿನ ಕೊನೆಗೆ 'ಬ್ಯಾಕ್' ಅಂತಲೋ 'ಓಲ್ಡ್' ಅಂತಲೋ ಸೇರಿಸಿ ಅಲ್ಲೇ ಬಿಟ್ಟರೆ, ಸಾಮಾನ್ಯವಾಗಿ ಸರ್ವರ್ ಅದನ್ನು ಪಿಎಚ್‌ಪಿ ಅಂತ ನೋಡುವುದಿಲ್ಲ. ವಿಳಾಸ ಊಹಿಸಿ ಕೇಳಿದವರಿಗೆ ಒಳಗಿನ ಬರಹವನ್ನು ಹಾಗೇ ಕೊಟ್ಟುಬಿಡುತ್ತದೆ, ಪಾಸ್‌ವರ್ಡ್ ಸಮೇತ. ಆಗ ನಿಜವಾಗಿಯೂ ಹ್ಯಾಕ್ ಆಗುತ್ತದೆ.

ಇದಕ್ಕೆ ಪರಿಹಾರ ಹೊಸದೇನಲ್ಲ, ದುಬಾರಿಯದೂ ಅಲ್ಲ. ಫೈಲುಗಳ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಸಾಫ್ಟ್‌ವೇರ್ ಇದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರೇ 2005ರ ಏಪ್ರಿಲ್‌ನಲ್ಲಿ ಇದನ್ನೂ ಶುರು ಮಾಡಿದರು. ಅದಕ್ಕೂ ಮುಂಚೆ ಲಿನಕ್ಸ್ ಕರ್ನಲ್ (ಅದರ ತಿರುಳು) ಕೆಲಸಕ್ಕೆ ಬಿಟ್‌ಕೀಪರ್ ಎಂಬ ಕಂಪನಿ ಸಾಫ್ಟ್‌ವೇರ್ ಬಳಸುತ್ತಿದ್ದರು. ಅದನ್ನು ಪುಕ್ಕಟೆಯಾಗಿ ಕೊಡುವುದು ನಿಂತಾಗ ಕೆಲವೇ ದಿನಗಳಲ್ಲಿ ತಮ್ಮದೇ ಒಂದನ್ನು ಬರೆದುಕೊಂಡರು. ಅದೇ ವರ್ಷ ಜುಲೈನಲ್ಲಿ ಅದನ್ನು ನೋಡಿಕೊಳ್ಳುವ ಕೆಲಸವನ್ನು ಜುನಿಯೊ ಹಮಾನೊ ಎಂಬ ಡೆವಲಪರ್‌ಗೆ ಒಪ್ಪಿಸಿದರು. ಪ್ರಪಂಚದ ಯಾವ ಮೂಲೆಯಲ್ಲೋ ಕೂತ ಸಾವಿರಾರು ಜನ ಒಂದೇ ಪ್ರಾಜೆಕ್ಟಿನ ಮೇಲೆ, ಒಬ್ಬರ ಕೆಲಸ ಇನ್ನೊಬ್ಬರ ಕಾಲಿಗೆ ಸಿಗದಂತೆ ದುಡಿಯಬೇಕು, ಅದಕ್ಕಾಗಿ ಹುಟ್ಟಿದ್ದು ಇದು. ದಾವಣಗೆರೆಯ ಒಂದು ಶಾಲೆಯ ಸೈಟಿಗೆ ಇದು ಜಾಸ್ತಿ ಆಯಿತು ಅನ್ನಿಸಬಹುದು. ಖಂಡಿತ ಜಾಸ್ತಿ ಆಗುವುದಿಲ್ಲ.

ಗಿಟ್‌ನಲ್ಲಿ ಕೆಲಸದ ಒಂದೊಂದು ಹಂತವನ್ನೂ ಕಮಿಟ್ ಮಾಡುತ್ತೇವೆ, ಅಂದರೆ ದಾಖಲಿಸುತ್ತೇವೆ. ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬುದೆಲ್ಲ ಅದರಲ್ಲಿ ಉಳಿಯುತ್ತದೆ. ಯಾಕೆ ಎಂಬುದನ್ನು ನಾವೇ ಒಂದು ಸಾಲು ಬರೆಯಬೇಕು. ಬ್ರಾಂಚ್ ಎಂದರೆ ಕೆಲಸದ ಒಂದು ಬೇರೆ ಎಳೆ, ಗಿಟ್‌ನ ಒಳಗೆ ಅದು ಈ ಕಮಿಟ್‌ಗಳಲ್ಲಿ ಒಂದನ್ನು ತೋರಿಸುವ ಗುರುತು ಮಾತ್ರ. ಸಾಮಾನ್ಯವಾಗಿ 40 ಅಕ್ಷರದ ಒಂದು ಸಂಕೇತ, ಜೊತೆಗೆ ಸಾಲು ಮುಗಿಯಿತು ಅನ್ನುವ ಒಂದು ಚಿಹ್ನೆ, ಒಟ್ಟು 41 ಬೈಟಿನ ಪುಟ್ಟ ಫೈಲ್. ಬ್ರಾಂಚ್ ಮಾಡಿದರೆ ಇಡೀ ಸೈಟಿನ ಇನ್ನೊಂದು ಪ್ರತಿ ಆಗಿ ಜಾಗ ತುಂಬಿಹೋಗುತ್ತದೆ ಅಂತ ಹುಡುಗರು ಹೆದರುವುದನ್ನು ನೋಡಿದ್ದೇನೆ. ಹಾಗೇನೂ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ಮುಖ್ಯ ಬ್ರಾಂಚಿಗೆ ಮೇನ್ ಅಂತ ಹೆಸರು, ಹಳೆಯ ಪ್ರಾಜೆಕ್ಟುಗಳಲ್ಲಿ ಮಾಸ್ಟರ್ ಅಂತ ಇರುತ್ತದೆ. ಜನ ನೋಡುವ ಸೈಟ್ ಮೇನ್‌ನಿಂದ ಮಾತ್ರ ಹೋಗಬೇಕು. ಯಾವ ಬದಲಾವಣೆ ಇದ್ದರೂ ಮೇನ್‌ನಿಂದ ಒಂದು ಬ್ರಾಂಚ್ ತೆಗೆದು, ಅದರಲ್ಲಿ ಮಾಡಿ, ನೋಡಿ, ತೋರಿಸಿ, ಒಪ್ಪಿಗೆ ಆದ ಮೇಲೆ ಮೇನ್‌ಗೆ ಸೇರಿಸಬೇಕು. ನಿಮ್ಮ ಪತ್ರಿಕೆಯ ಪುಟ ಪ್ರೂಫ್ ನೋಡದೆ ಅಚ್ಚಿಗೆ ಹೋಗುವುದಿಲ್ಲ ಅಲ್ವಾ? ವೆಬ್‌ಸೈಟಿಗೂ ಆ ಪ್ರೂಫ್ ಹಂತ ಬೇಕು.

ಒಂದು ಶಾಲೆಯ ಸೈಟನ್ನೇ ತೆಗೆದುಕೊಳ್ಳಿ. ಆಡಳಿತ ಮಂಡಳಿಯವರಿಗೆ ಇಡೀ ಸೈಟ್ ಹೊಸ ಥರ ಕಾಣಬೇಕು. ಮೆನು ಬದಲಾಗಬೇಕು, ಬಣ್ಣ ಬದಲಾಗಬೇಕು, ಮೊಬೈಲ್‌ನಲ್ಲಿ ಸರಿಯಾಗಿ ಕಾಣಬೇಕು. ಅದೊಂದು ತಿಂಗಳ ಕೆಲಸ. ಅರ್ಧ ಆಗಿದೆ, ಮೆನು ಇನ್ನೂ ಎತ್ತೆತ್ತಲೋ ಇದೆ. ಅಷ್ಟರಲ್ಲಿ ಜುಲೈ ಬಂತು, ಹೊನ್ನಾಳಿ, ನ್ಯಾಮತಿ ಕಡೆ ಮಳೆ ಜೋರಾಯಿತು, ಸಂಜೆ ಹೊತ್ತಿಗೆ ಜಿಲ್ಲಾಧಿಕಾರಿಗಳು ನಾಳೆ ಶಾಲೆಗೆ ರಜೆ ಅಂದರು. ಅರ್ಧ ಗಂಟೆಯಲ್ಲಿ ಸೈಟಿನ ಮೊದಲ ಪುಟದಲ್ಲಿ ಅದು ಬರಬೇಕು. ಬ್ರಾಂಚ್ ಇಲ್ಲದವನು ಏನು ಮಾಡುತ್ತಾನೆ? ಅವನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಅರ್ಧಂಬರ್ಧ ಸೈಟ್. ಅದರ ಮೊದಲ ಪುಟದಲ್ಲೇ ರಜೆಯ ಸಾಲು ಸೇರಿಸಿ ಏರಿಸಿದರೆ ಅರ್ಧಂಬರ್ಧ ಮೆನುವೂ ಜೊತೆಗೆ ಹೋಗುತ್ತದೆ. ಏರಿಸದೆ ಸರ್ವರ್‌ನಲ್ಲೇ ನೇರವಾಗಿ ತಿದ್ದಿದರೆ ಆ ಸಾಲು ಲ್ಯಾಪ್‌ಟಾಪಿನ ಪ್ರತಿಯಲ್ಲಿ ಇರುವುದಿಲ್ಲ, ಮುಂದಿನ ತಿಂಗಳು ಹೊಸ ಸೈಟ್ ಏರಿಸಿದಾಗ ನಡುವೆ ಮಾಡಿದ ಇಂಥ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ಸರಿಪಡಿಸಿದ್ದ ಫೋನ್ ನಂಬರ್ ಮತ್ತೆ ಹಳೆಯದಾಗುತ್ತದೆ, ತೆಗೆದಿದ್ದ ಶಿಕ್ಷಕರ ಹೆಸರು ಮತ್ತೆ ಬರುತ್ತದೆ. ಇದು ಎಷ್ಟು ಸಂಸ್ಥೆಗಳಲ್ಲಿ ಆಗಿದೆ ಅಂದರೆ, ಹೊಸ ಸೈಟ್ ಅಂದರೆ ಹಳೆಯ ತಪ್ಪುಗಳು ವಾಪಸ್ ಬರುವುದು ಮಾಮೂಲಿ ಅಂತಲೇ ಜನ ಒಪ್ಪಿಕೊಂಡುಬಿಟ್ಟಿದ್ದಾರೆ.

ಬ್ರಾಂಚ್ ಇಟ್ಟುಕೊಂಡವನಿಗೆ ಇದು ಹತ್ತು ನಿಮಿಷದ ಕೆಲಸ. ಹೊಸ ವಿನ್ಯಾಸ ಅದರದೇ ಬ್ರಾಂಚ್‌ನಲ್ಲಿದೆ. ಆಗಿರುವಷ್ಟನ್ನು ಅಲ್ಲೇ ಕಮಿಟ್ ಮಾಡುತ್ತಾನೆ, ಕಮಿಟ್ ಮಾಡುವ ಹಾಗಿಲ್ಲದಿದ್ದರೆ ಸ್ಟ್ಯಾಶ್ ಮಾಡಿ ಪಕ್ಕಕ್ಕಿಡುತ್ತಾನೆ. ಗಿಟ್ ಸ್ವಿಚ್ ಎಂಬ ಕಮಾಂಡ್ ಕೊಟ್ಟು ಮೇನ್‌ಗೆ ಬರುತ್ತಾನೆ. ಈ ಕಮಾಂಡ್ 2019ರಲ್ಲಿ ಬಂದಿದ್ದು, ಅದಕ್ಕೂ ಮುಂಚಿನವರು ಚೆಕ್‌ಔಟ್ ಬಳಸುತ್ತಿದ್ದರು, ಈಗಲೂ ಅದು ನಡೆಯುತ್ತದೆ. ಮೇನ್‌ಗೆ ಬಂದ ಕೂಡಲೇ ಫೋಲ್ಡರಿನಲ್ಲಿರುವ ಫೈಲುಗಳೆಲ್ಲ ಜನ ನೋಡುತ್ತಿರುವ ಸೈಟಿನ ಹಾಗೆಯೇ ಆಗುತ್ತವೆ. ಅಲ್ಲಿಂದ ಮಳೆ-ರಜೆ ಅಂತ ಒಂದು ಬ್ರಾಂಚ್, ಒಂದು ಸಾಲಿನ ಬದಲಾವಣೆ, ಒಮ್ಮೆ ನೋಡಿ ಮೇನ್‌ಗೆ ಮರ್ಜ್ (ಸೇರಿಸುವುದು), ಸೈಟಿಗೆ ರವಾನೆ. ಆಮೇಲೆ ವಿನ್ಯಾಸದ ಬ್ರಾಂಚಿಗೆ ಹಿಂದಿರುಗಿ ಮೇನ್ ಅನ್ನು ಅದರೊಳಗೆ ಮರ್ಜ್ ಮಾಡಿಕೊಂಡರೆ ರಜೆಯ ಸಾಲು ಅಲ್ಲಿಗೂ ಬಂತು. ಏನೂ ಕಳೆದುಹೋಗಲಿಲ್ಲ. ಈ ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಉದ್ದ ದಿನ ನಡೆಯುವ ಬ್ರಾಂಚ್ ಇದ್ದರೆ ಎರಡು ಮೂರು ದಿನಕ್ಕೊಮ್ಮೆಯಾದರೂ ಮೇನ್ ಅನ್ನು ಅದಕ್ಕೆ ತಂದುಕೊಳ್ಳಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಎರಡೂ ಎಷ್ಟು ದೂರ ಹೋಗಿರುತ್ತವೆ ಅಂದರೆ ಸೇರಿಸುವುದೇ ಒಂದು ವಾರದ ಕೆಲಸವಾಗುತ್ತದೆ.

ನನ್ನ ಕೇಳಿದರೆ ಒಂದು ಬ್ರಾಂಚಿಗೆ ಒಂದೇ ಕೆಲಸ. ಫೀ ಪುಟ ಅಂತ ಹೆಸರಿಟ್ಟು ಅದರಲ್ಲೇ ಗ್ಯಾಲರಿಯ ಫೋಟೋ ಬದಲಾಯಿಸುವುದು, ಅದರಲ್ಲೇ ಫುಟರಿನ ಬಣ್ಣ ಬದಲಾಯಿಸುವುದು ಮಾಡಬೇಡಿ. ನಾಳೆ ಫೀ ಮಾತ್ರ ಸರಿ, ಬಣ್ಣ ಬೇಡ ಅಂತ ಮಾಲೀಕರು ಅಂದರೆ ಬಿಡಿಸುವುದು ಕಷ್ಟ. ಹೆಸರು ನೋಡಿದರೆ ಕೆಲಸ ಗೊತ್ತಾಗಬೇಕು. ಟೆಸ್ಟ್, ನ್ಯೂ, ಟೆಸ್ಟ್2 ಅಂತ ಇಟ್ಟರೆ ಮತ್ತೆ ಇಂಡೆಕ್ಸ್-ಫೈನಲ್-2 ಕಥೆಯೇ. ಮರ್ಜ್ ಆದ ಬ್ರಾಂಚನ್ನು ಅಳಿಸಿಬಿಡಿ. ಅಳಿಸಿದರೆ ಹೋಗುವುದು ಆ 41 ಬೈಟಿನ ಗುರುತು, ಮೇನ್‌ಗೆ ಸೇರಿದ ಕೆಲಸ ಎಲ್ಲಿಗೂ ಹೋಗುವುದಿಲ್ಲ.

ಬ್ರಾಂಚಿನಲ್ಲಿ ಮಾಡಿದ್ದನ್ನು ನೋಡುವುದು ಎಲ್ಲಿ? ಮೊದಲು ನಮ್ಮದೇ ಕಂಪ್ಯೂಟರಿನಲ್ಲಿ. ಆದರೆ ಮಾಲೀಕರಿಗೆ ತೋರಿಸಲು ಇನ್ನೊಂದು ವಿಳಾಸ ಬೇಕು, ಅದಕ್ಕೆ ಸ್ಟೇಜಿಂಗ್ ಅನ್ನುತ್ತಾರೆ. ಸೈಟ್ ಇಡಲು ಬಾಡಿಗೆಗೆ ಪಡೆದ ಅದೇ ಹೋಸ್ಟಿಂಗ್‌ನಲ್ಲಿ ಒಂದು ಸಬ್‌ಡೊಮೇನ್, ಅಂದರೆ ಉಪ ವಿಳಾಸ, ಮಾಡಿದರೆ ಸಾಕು, ಬಹುತೇಕ ಹೋಸ್ಟಿಂಗ್ ಪ್ಲಾನುಗಳಲ್ಲಿ ಅದಕ್ಕೆ ಬೇರೆ ದುಡ್ಡಿಲ್ಲ. ಅದಕ್ಕೆ ಪಾಸ್‌ವರ್ಡ್ ಹಾಕಲೇಬೇಕು, ಇಲ್ಲದಿದ್ದರೆ ಗೂಗಲ್ ಅದನ್ನೂ ಹುಡುಕಿ ತೋರಿಸಿ, ಇನ್ನೂ ಒಪ್ಪಿಗೆಯಾಗದ ಫೀ ಪಟ್ಟಿಯನ್ನು ಪೋಷಕರು ನಿಜ ಅಂತ ನಂಬಿಬಿಡುತ್ತಾರೆ. ಲಿಂಕ್ ಕಳಿಸಿ, ಮುಖ್ಯೋಪಾಧ್ಯಾಯರು ತಮ್ಮ ಮೊಬೈಲ್‌ನಲ್ಲೇ ತೆರೆದು ನೋಡಲಿ. "ಸರಿ ಇದೆ" ಅಂತ ಅವರು ವಾಟ್ಸ್‌ಆಪ್‌ನಲ್ಲಿ ಬರೆದ ಮೇಲೆ ಮರ್ಜ್ ಮಾಡಿ. ನಮ್ಮ ಕೆಲಸದಲ್ಲಿ ಅರ್ಧ ಜಗಳ ಈ ಒಂದು ಅಭ್ಯಾಸದಿಂದಲೇ ನಿಲ್ಲುತ್ತದೆ, ಯಾಕಂದರೆ ಫೀ ತಪ್ಪು ಹಾಕಿದವರು ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ, ಹಾಕುವ ಮುಂಚೆಯೇ ಇಬ್ಬರೂ ನೋಡಿರುತ್ತಾರೆ.

ಇಬ್ಬರು ಕೆಲಸ ಮಾಡುವ ಕಡೆ ಕಾನ್‌ಫ್ಲಿಕ್ಟ್ ಬರುತ್ತದೆ, ಹೊಸಬರು ಗಿಟ್ ಬಿಡುವುದೇ ಅಲ್ಲಿ. ಒಂದೇ ಸಾಲನ್ನು ಇಬ್ಬರೂ ತಮ್ಮ ತಮ್ಮ ಬ್ರಾಂಚಿನಲ್ಲಿ ಬೇರೆ ಬೇರೆ ಥರ ಬದಲಾಯಿಸಿದ್ದರೆ ಯಾವುದನ್ನು ಇಡಬೇಕು ಅಂತ ಗಿಟ್‌ಗೆ ಗೊತ್ತಾಗುವುದಿಲ್ಲ, ಅದು ನಿಂತು ನಮ್ಮನ್ನು ಕೇಳುತ್ತದೆ. ಫೈಲಿನೊಳಗೆ ಏಳು ಬಾಣದ ಗುರುತು, ನಡುವೆ ಏಳು ಸಮ ಚಿಹ್ನೆ, ಮತ್ತೆ ಏಳು ಬಾಣ ಹಾಕಿ ಎರಡೂ ಬರಹವನ್ನು ಮೇಲೆ ಕೆಳಗೆ ಇಡುತ್ತದೆ. ನೋಡಿದವರು ಫೈಲ್ ಕೆಟ್ಟುಹೋಯಿತು ಅಂತ ಗಾಬರಿಯಾಗುತ್ತಾರೆ. ಕೆಟ್ಟಿಲ್ಲ. ಎರಡನ್ನೂ ಓದಿ, ಬೇಕಾದ್ದನ್ನು ಉಳಿಸಿ, ಗುರುತುಗಳನ್ನು ಅಳಿಸಿ, ಕಮಿಟ್ ಮಾಡಬೇಕು ಅಷ್ಟೇ. ಎಡಿಟರ್‌ನಲ್ಲಿ ನನ್ನದನ್ನು ಇಡು ಎಂಬ ಬಟನ್ ಇರುತ್ತದೆ, ಅದನ್ನು ಸುಮ್ನೆ ಒತ್ತಬೇಡಿ. ಇನ್ನೊಬ್ಬರಿಗೆ ಒಂದು ಫೋನ್ ಮಾಡಿ ಯಾಕೆ ಬದಲಾಯಿಸಿದ್ರಿ ಅಂತ ಕೇಳಿ. ಫೋಲ್ಡರ್ ಏರಿಸುವ ಹಳೆಯ ಪದ್ಧತಿಯಲ್ಲೂ ಈ ಘರ್ಷಣೆ ಇದ್ದೇ ಇರುತ್ತದೆ, ಆದರೆ ಅಲ್ಲಿ ಯಾರೂ ಕೇಳುವುದಿಲ್ಲ, ಕೊನೆಗೆ ಏರಿಸಿದವರದ್ದು ಉಳಿಯುತ್ತದೆ, ಮೊದಲಿನವರ ಕೆಲಸ ಸದ್ದಿಲ್ಲದೆ ಹೋಗುತ್ತದೆ.

ಕನ್ನಡ ಸೈಟುಗಳ ವಿಷಯದಲ್ಲಿ ಇನ್ನಷ್ಟು ಹೇಳಬೇಕು, ಇದನ್ನು ಯಾರೂ ಕಲಿಸುವುದಿಲ್ಲ. ಗಿಟ್ ವ್ಯತ್ಯಾಸ ತೋರಿಸುವುದು ಸಾಲಿನ ಲೆಕ್ಕದಲ್ಲಿ. ನಮ್ಮಲ್ಲಿ ಇಡೀ ಪ್ಯಾರಾವನ್ನು ಒಂದೇ ಸಾಲಾಗಿ ಅಂಟಿಸುವುದು ರೂಢಿ. ಆಗ ಒಂದು ಕೊಂಬು ದೀರ್ಘ ತಿದ್ದಿದರೂ ಇಡೀ ಪ್ಯಾರಾ ಬದಲಾಗಿದೆ ಅಂತ ತೋರಿಸುತ್ತದೆ, ನೋಡುವವರಿಗೆ ಏನು ಬದಲಾಯಿತೋ ಗೊತ್ತಾಗುವುದಿಲ್ಲ, ಕಾನ್‌ಫ್ಲಿಕ್ಟ್ ಕೂಡ ಜಾಸ್ತಿ. ಪುಟದ ಎಚ್‌ಟಿಎಂಎಲ್ ಕೋಡಿನಲ್ಲಿ ಒಂದೊಂದು ವಾಕ್ಯಕ್ಕೂ ಎಂಟರ್ ಒತ್ತಿ ಬೇರೆ ಸಾಲಿಗೆ ಹಾಕಿದರೆ ಪುಟದಲ್ಲಿ ಮಾಮೂಲಿ ಪ್ಯಾರಾದಂತೆಯೇ ಕಾಣುತ್ತದೆ, ಗಿಟ್‌ಗೆ ಮಾತ್ರ ಅನುಕೂಲ. ಪದದ ಮಟ್ಟದಲ್ಲಿ ವ್ಯತ್ಯಾಸ ತೋರಿಸುವ ವರ್ಡ್-ಡಿಫ್ ಎಂಬ ಆಯ್ಕೆಯೂ ಇದೆ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ಗಿಟ್ ಅದನ್ನು ಬರೀ ಅಂಕಿಗಳ ಸಾಲಾಗಿ ತೋರಿಸುತ್ತದೆ. ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಆಫ್ ಮಾಡಿದರೆ ಕನ್ನಡ ಹೆಸರು ಕನ್ನಡದಲ್ಲೇ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಬೇಡಿ. ಅದು ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿರುತ್ತದೆ, ಬ್ರಾಂಚಿನಲ್ಲಿ ಏನು ಬದಲಾಯಿತು ಅಂತ ಯಾರಿಂದಲೂ ಓದಲಾಗುವುದಿಲ್ಲ, ಮೊಬೈಲಿನಲ್ಲಂತೂ ಕನ್ನಡವಾಗಿ ಕಾಣುವುದೇ ಇಲ್ಲ. ಮೊದಲು ಎಲ್ಲ ಕಡೆ ಕನ್ನಡವಾಗಿಯೇ ಓದಬಹುದಾದ ಯೂನಿಕೋಡ್‌ಗೆ ಬದಲಾಯಿಸಿಕೊಂಡು ಆಮೇಲೆ ಕಮಿಟ್ ಮಾಡಿ.

ಬ್ರಾಂಚ್ ಇದ್ದರೆ ಎಲ್ಲವೂ ಭದ್ರ ಅಂತ ನಾನು ಹೇಳುತ್ತಿಲ್ಲ. ವರ್ಡ್‌ಪ್ರೆಸ್ ಸೈಟಿನಲ್ಲಿ ಬರಹ, ಪುಟ, ಮೆನು ಎಲ್ಲ ಇರುವುದು ಡೇಟಾಬೇಸಿನಲ್ಲಿ. ಗಿಟ್ ನೋಡಿಕೊಳ್ಳುವುದು ಥೀಮ್ ಮತ್ತು ಕೋಡ್ ಫೈಲುಗಳನ್ನು ಮಾತ್ರ. ಆಫೀಸಿನ ಕ್ಲರ್ಕ್ ಒಂದು ಪುಟವನ್ನು ಅಳಿಸಿದರೆ ಯಾವ ಬ್ರಾಂಚೂ ಅದನ್ನು ತಂದುಕೊಡುವುದಿಲ್ಲ. ಡೇಟಾಬೇಸಿಗೆ ಮತ್ತು ಫೋಟೋಗಳಿಗೆ ಪ್ರತಿದಿನದ ಬ್ಯಾಕಪ್ ಬೇರೆ ಇರಲೇಬೇಕು, ಅದೂ ಅದೇ ಸರ್ವರ್‌ನಲ್ಲಲ್ಲ. ವಾರ್ಷಿಕೋತ್ಸವದ ವಿಡಿಯೋಗಳನ್ನು ಗಿಟ್‌ಗೆ ತುರುಕಬೇಡಿ, ಗಿಟ್‌ನ ಕೋಡನ್ನು ಇಂಟರ್ನೆಟ್‌ನಲ್ಲಿ ಇಡುವ ಗಿಟ್‌ಹಬ್ ಎಂಬ ಸೇವೆ 100 ಎಂಬಿಗಿಂತ ದೊಡ್ಡ ಫೈಲನ್ನು ತೆಗೆದುಕೊಳ್ಳುವುದೂ ಇಲ್ಲ. ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನು, ಗಿಟ್ ಮುಟ್ಟದೆ ಬಿಡಬೇಕಾದವುಗಳ ಗಿಟ್‌ಇಗ್ನೋರ್ ಪಟ್ಟಿಗೆ ಮೊದಲೇ ಸೇರಿಸಬೇಕು. ಒಮ್ಮೆ ಕಮಿಟ್ ಆಗಿಹೋದರೆ ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಇದ್ದೇ ಇರುತ್ತದೆ, ಅಂಥ ಹೊತ್ತಿನಲ್ಲಿ ತಡಮಾಡದೆ ಪಾಸ್‌ವರ್ಡನ್ನೇ ಬದಲಾಯಿಸಬೇಕು. ಗಿಟ್ ತನ್ನ ಲೆಕ್ಕವನ್ನೆಲ್ಲ ಇಡುವ ಮರೆಯ ಫೋಲ್ಡರ್ ಇದೆಯಲ್ಲ, ಅದು ಜನ ತೆರೆಯಬಹುದಾದ ಫೋಲ್ಡರಿನೊಳಗೆ ಇರಬಾರದು. ಇದ್ದರೆ ತಿಳಿದವರು ಇಡೀ ಕೋಡನ್ನು ಇಳಿಸಿಕೊಳ್ಳುತ್ತಾರೆ.

ತಪ್ಪು ಮೇನ್‌ಗೆ ಸೇರಿ ಸೈಟಿಗೂ ಹೋಗಿಬಿಟ್ಟರೆ? ಹೋಗುತ್ತದೆ, ಎಷ್ಟು ನೋಡಿದರೂ ಒಮ್ಮೊಮ್ಮೆ ಹೋಗುತ್ತದೆ. ಆಗ ಗಿಟ್ ರಿವರ್ಟ್ ಇದೆ. ತಪ್ಪಾದ ಕಮಿಟ್‌ನ ಬದಲಾವಣೆಯನ್ನು ಅದು ಇನ್ನೊಂದು ಹೊಸ ಕಮಿಟ್ ಮಾಡಿ ತೆಗೆದುಹಾಕುತ್ತದೆ, ಹಿಂದಿನ ದಾಖಲೆಯನ್ನು ಮುಟ್ಟುವುದಿಲ್ಲ. ಸೈಟ್ ಎರಡು ನಿಮಿಷದಲ್ಲಿ ಮೊದಲಿನಂತಾಗುತ್ತದೆ, ಆಮೇಲೆ ಸಮಾಧಾನವಾಗಿ ಕೂತು ಕಾರಣ ಹುಡುಕಬಹುದು. ಬ್ರಾಂಚಿನಲ್ಲಿ ಒಂದೇ ಕೆಲಸ ಇರಲಿ ಅಂತ ಮೇಲೆ ಹೇಳಿದ್ದು ಇದಕ್ಕೂ ಬೇಕು.

ಈಗ ವೆಬ್‌ಸೈಟಿಗೆ ದುಡ್ಡು ಕೊಡುವವರಿಗೆ ಎರಡು ಮಾತು. ಸಂಘ ಸಂಸ್ಥೆಗಳ ಕಾರ್ಯದರ್ಶಿಗಳು, ಅಂಗಡಿ ಮಾಲೀಕರು, ದಯವಿಟ್ಟು ಓದಿ. ನಿಮ್ಮ ಸೈಟಿನ ಕೋಡ್ ಯಾರ ಹತ್ತಿರ ಇದೆ? ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ, ಫೋನ್ ನಂಬರ್ ಬದಲಾಯಿತು, ಲ್ಯಾಪ್‌ಟಾಪ್ ಮಾರಿದ. ನಮ್ಮ ಜಿಲ್ಲೆಯ ಒಂದು ಸಂಘದವರು ಹೀಗೇ ಬಂದಿದ್ದರು. ಅವರ ಹತ್ತಿರ ಇದ್ದದ್ದು ಸೈಟಿನ ವಿಳಾಸ ಮಾತ್ರ. ಡೊಮೇನ್ ಕೂಡ ಆ ಹುಡುಗನ ಇಮೇಲ್ ಹೆಸರಿನಲ್ಲಿತ್ತು. ಸದಸ್ಯರ ದುಡ್ಡಿನಲ್ಲಿ ಕಟ್ಟಿಸಿದ್ದು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಇದು ಆಗಬಾರದು. ಸಂಸ್ಥೆಯ ಹೆಸರಿನಲ್ಲಿ ಗಿಟ್‌ಹಬ್ ಅಥವಾ ಅಂಥದ್ದೇ ಆದ ಗಿಟ್‌ಲ್ಯಾಬ್ ಖಾತೆ ತೆರೆಯಿರಿ, ಕೆಲಸದವರನ್ನು ಅದಕ್ಕೆ ಸೇರಿಸಿಕೊಳ್ಳಿ, ಅವರು ಬಿಟ್ಟು ಹೋದ ದಿನ ತೆಗೆಯಿರಿ. ದುಡ್ಡು ಬೇಕಾಗುವುದಿಲ್ಲ. ಗಿಟ್‌ಹಬ್ 2019ರ ಜನವರಿಯಿಂದ ಉಚಿತ ಖಾತೆಯಲ್ಲೂ ಎಷ್ಟು ಬೇಕಾದರೂ ಖಾಸಗಿ ರೆಪೊ (ಒಂದು ಪ್ರಾಜೆಕ್ಟಿನ ಗಿಟ್ ಕೋಶ) ಇಡಲು ಬಿಟ್ಟಿದೆ, ಒಂದರಲ್ಲಿ ಮೂವರೇ ಇರಬೇಕು ಎಂಬ ಮಿತಿ ಇತ್ತು, 2020ರ ಏಪ್ರಿಲ್‌ನಲ್ಲಿ ಅದನ್ನೂ ತೆಗೆದರು. ಮೇನ್‌ಗೆ ಯಾರೂ ನೇರವಾಗಿ ಕೈಹಾಕದಂತೆ ಬೀಗ ಹಾಕುವ ಸೌಲಭ್ಯ ಗಿಟ್‌ಲ್ಯಾಬ್‌ನ ಉಚಿತ ಖಾತೆಯಲ್ಲಿದೆ. ಗಿಟ್‌ಹಬ್‌ನಲ್ಲಿ ಖಾಸಗಿ ರೆಪೊಗೆ ಅದು ಬೇಕೆಂದರೆ ದುಡ್ಡಿನ ಪ್ಲಾನ್ ತೆಗೆದುಕೊಳ್ಳಬೇಕು. ಕೊಟೇಷನ್ ಕೇಳುವಾಗ ಎಷ್ಟು ಪುಟ, ಎಷ್ಟು ಫೋಟೋ ಅಂತ ಕೇಳುತ್ತೀರಲ್ಲ, ಅದರ ಜೊತೆಗೆ ಇದನ್ನೂ ಕೇಳಿ: ಕೋಡ್ ನಮ್ಮ ಖಾತೆಯಲ್ಲಿ ಇರುತ್ತದೆಯೇ, ಬದಲಾವಣೆಯನ್ನು ಮೊದಲು ಬೇರೆ ವಿಳಾಸದಲ್ಲಿ ತೋರಿಸುತ್ತೀರಾ? ಇದನ್ನು ಕೇಳುವವರು ಜಾಸ್ತಿಯಾದರೆ ಕೆಲಸದವರು ತಾವಾಗೇ ಕಲಿಯುತ್ತಾರೆ. "ಅರ್ಜೆಂಟ್" ಅಂತ ಒತ್ತಡ ಹಾಕಿ ಹತ್ತು ನಿಮಿಷವೂ ಕೊಡದೆ ಮಾಡಿಸುವುದನ್ನು ನೀವೂ ಬಿಡಬೇಕು.

ಕಾಲೇಜುಗಳ ಬಗ್ಗೆಯೂ ಹೇಳಲೇಬೇಕು. ನಮ್ಮೂರಿನಲ್ಲಿ ಯುಬಿಡಿಟಿ 1951ರಿಂದ, ಬಿಐಇಟಿ 1979ರಿಂದ ಇಂಜಿನಿಯರುಗಳನ್ನು ತಯಾರು ಮಾಡುತ್ತಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದ ಸ್ಕೀಮ್‌ನಲ್ಲಿ ಗಿಟ್ ಬಗ್ಗೆಯೇ ಒಂದು ಪ್ರಾಯೋಗಿಕ ಕೋರ್ಸ್ ಇದೆ, ಬ್ರಾಂಚ್ ಮಾಡುವುದು, ಮರ್ಜ್, ಸ್ಟ್ಯಾಶ್, ರಿವರ್ಟ್ ಎಲ್ಲ ಅದರಲ್ಲಿ ಬರುತ್ತದೆ. ಅದನ್ನು ಸೇರಿಸಿದವರಿಗೆ ನನ್ನ ಮೆಚ್ಚುಗೆ ಇದೆ. ಆದರೆ ಬೇರೆ ಬೇರೆ ಊರಿನ ಕಾಲೇಜುಗಳಿಂದ ನಮ್ಮಲ್ಲಿ ಕೆಲಸ ಕೇಳಿ ಬರುವ ಮಕ್ಕಳನ್ನು ಮಾತಾಡಿಸಿದರೆ, ಕಮಾಂಡುಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದಿರುತ್ತಾರೆ, ವೈವಾದಲ್ಲಿ ಹೇಳಿರುತ್ತಾರೆ, ಕೊನೆಯ ವರ್ಷದ ಪ್ರಾಜೆಕ್ಟ್ ಮಾತ್ರ ನಾಲ್ವರ ನಡುವೆ ಝಿಪ್ ಫೈಲಾಗಿ ವಾಟ್ಸ್‌ಆಪ್‌ನಲ್ಲಿ ಓಡಾಡಿರುತ್ತದೆ. ಕಲಿತದ್ದನ್ನು ಬಳಸುವ ಜಾಗದಲ್ಲೇ ಬಳಸಿಲ್ಲ. ಪ್ರಾಜೆಕ್ಟಿಗೆ ಅಂಕ ಕೊಡುವಾಗ ರೆಪೊ ತೆರೆದು ನೋಡಿ ಅಂತ ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ. ಯಾರು ಯಾವ ಬ್ರಾಂಚಿನಲ್ಲಿ ಏನು ಮಾಡಿದರು, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಏನು ಹೇಳಿದರು, ಎಲ್ಲ ಅಲ್ಲಿ ಕಾಣುತ್ತದೆ. ನಾಲ್ವರಲ್ಲಿ ಒಬ್ಬಳೇ ದುಡಿದಿದ್ದರೆ ಅದೂ ಕಾಣುತ್ತದೆ, ಆ ಹುಡುಗಿಗೆ ಸಲ್ಲಬೇಕಾದ ಅಂಕ ಸಲ್ಲುತ್ತದೆ. ಪಾಲಿಟೆಕ್ನಿಕ್ ಮತ್ತು ಬಿಸಿಎ ಮಕ್ಕಳಿಗೂ ಇದು ಬೇಕು, ನಮ್ಮೂರಿನ ಸಣ್ಣ ವೆಬ್ ಆಫೀಸುಗಳಿಗೆ ಬರುವವರಲ್ಲಿ ಅವರೇ ಜಾಸ್ತಿ.

ನಾನೊಬ್ಬನೇ ಕೆಲಸ ಮಾಡುವುದು, ನನಗೆ ಬ್ರಾಂಚ್ ಯಾಕೆ ಅಂತ ಕೇಳುವ ಗೆಳೆಯರಿದ್ದಾರೆ. ಮಳೆ ರಜೆಯ ಉದಾಹರಣೆಯಲ್ಲಿ ಇದ್ದದ್ದು ಒಬ್ಬನೇ, ನೋಡಿ. ಒಬ್ಬನೇ ಇದ್ದರೂ ಕೈಯಲ್ಲಿ ಎರಡು ಕೆಲಸ ಇದ್ದೇ ಇರುತ್ತವೆ, ಒಂದು ಅರ್ಧ ಆಗಿರುವುದು, ಇನ್ನೊಂದು ಈಗಲೇ ಬೇಕಾದದ್ದು.

ಈಗಾಗಲೇ ಓಡುತ್ತಿರುವ ಸೈಟಿಗೆ ಶುರು ಮಾಡುವುದು ಹೇಗೆ ಅನ್ನುವವರಿಗೆ ನಾನು ಮಾಡುವ ಕ್ರಮ ಹೇಳುತ್ತೇನೆ. ಲ್ಯಾಪ್‌ಟಾಪಿನಲ್ಲಿರುವ ಪ್ರತಿಯನ್ನು ನಂಬಬೇಡಿ, ಸರ್ವರ್‌ನಲ್ಲಿ ಈಗ ಓಡುತ್ತಿರುವುದನ್ನೇ ಪೂರ್ತಿ ಇಳಿಸಿಕೊಳ್ಳಿ. ಪಾಸ್‌ವರ್ಡಿನ ಫೈಲನ್ನೂ ಅದರ ಹಳೆಯ ಪ್ರತಿಗಳನ್ನೂ, ಜೊತೆಗೆ ಅಪ್‌ಲೋಡ್ ಫೋಲ್ಡರನ್ನೂ ಗಿಟ್‌ಇಗ್ನೋರ್‌ಗೆ ಹಾಕಿ, ಉಳಿದದ್ದನ್ನು ಎಷ್ಟೇ ಗಲೀಜಾಗಿದ್ದರೂ ಇದ್ದ ಹಾಗೇ ಮೊದಲ ಕಮಿಟ್ ಮಾಡಿ. ಅದು ಮೇನ್. ಹಳೆಯ ಇಂಡೆಕ್ಸ್-ಓಲ್ಡ್, ಇಂಡೆಕ್ಸ್-ಫೈನಲ್ ಫೈಲುಗಳನ್ನು ಅಳಿಸುವುದನ್ನೇ ಮೊದಲ ಬ್ರಾಂಚ್ ಮಾಡಿಕೊಳ್ಳಿ, ಪಾಸ್‌ವರ್ಡ್ ಫೈಲಿನ ಹಳೆಯ ಪ್ರತಿಗಳನ್ನು ಮಾತ್ರ ಸರ್ವರ್‌ನಿಂದ ಇವತ್ತೇ ನೇರವಾಗಿ ತೆಗೆದುಬಿಡಿ. ಸ್ಟೇಜಿಂಗ್‌ನಲ್ಲಿ ಎಲ್ಲ ಪುಟವನ್ನೂ ಒಮ್ಮೆ ತೆರೆದು ನೋಡಿ, ಯಾವುದೋ ಮೂಲೆಯ ಪುಟ ಆ ಹಳೆಯ ಫೈಲನ್ನೇ ನೆಚ್ಚಿಕೊಂಡಿರುವುದುಂಟು. ಆಮೇಲೆ ಮರ್ಜ್. ಸಿ-ಪ್ಯಾನಲ್‌ನ ಹಲವು ಹೋಸ್ಟಿಂಗ್‌ಗಳಲ್ಲಿ ಗಿಟ್ ವರ್ಷನ್ ಕಂಟ್ರೋಲ್ ಎಂಬ ವಿಭಾಗವೇ ಇದೆ, ಅಲ್ಲಿಂದ ಮೇನ್ ಅನ್ನು ನೇರವಾಗಿ ಸೈಟಿಗೆ ರವಾನಿಸಬಹುದು, ರೆಪೊ ಮಾತ್ರ ಪಬ್ಲಿಕ್ ಫೋಲ್ಡರಿನ ಹೊರಗಿರಲಿ. ಇದಾದ ಮೇಲೆ ಎಫ್‌ಟಿಪಿ ಪಾಸ್‌ವರ್ಡ್ ಬದಲಾಯಿಸಿ, ಹಳೆಯ ಪಾಸ್‌ವರ್ಡ್ ಎಷ್ಟು ಜನರ ಹತ್ತಿರ ಇದೆಯೋ ಯಾರಿಗೂ ಗೊತ್ತಿರುವುದಿಲ್ಲ.

ಇಂತಿ,
ವೆಬ್‌ಸೈಟ್ ಕೆಲಸದ ಓದುಗ,
ವಿದ್ಯಾನಗರ, ದಾವಣಗೆರೆ